ಆ್ಯಡ್ ಶುರುವಾಗೋ ಹೊತ್ತಿಗೆ ಪಿಕ್ಚರ್ ಯಾಕೆ ಒಡೆಯುತ್ತೆ?

ಪ್ರಶ್ನೆ: ಸರ್, ನಮ್ಮೂರಲ್ಲಿ ಸಣ್ಣ ಕೇಬಲ್ ಚಾನೆಲ್ ನಡೆಸ್ತಿದೀನಿ. ಪ್ರೋಗ್ರಾಂ ಮಧ್ಯೆ ಲೋಕಲ್ ಆ್ಯಡ್ ಹಾಕಿದ್ರೆ ಪ್ರತಿ ಸಲ ಪಿಕ್ಚರ್ ಚೌಕ ಚೌಕ ಆಗುತ್ತೆ, ಇಲ್ಲಾಂದ್ರೆ ಒಂದ್ ಕ್ಷಣ ನಿಂತೋಗುತ್ತೆ. ಎರಡೂ ಫೈಲ್ ಬೇರೆ ಬೇರೆ ಪ್ಲೇ ಮಾಡಿದ್ರೆ ಚೆನ್ನಾಗೇ ಬರುತ್ತೆ. ಬಾಕ್ಸ್‌ದೇ ಪ್ರಾಬ್ಲಮ್ಮಾ?

ಉತ್ತರ: ಬಾಕ್ಸ್ ಬದಲಾಯಿಸೋಕೆ ದುಡ್ಡು ಹಾಕ್ಬೇಡಿ, ತಪ್ಪಾಗಿರೋದು ಜೋಡಿಸಿರೋ ಜಾಗದಲ್ಲಿ. ಟೇಪ್ ಕಾಲದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ, ಎಲ್ಲಿ ಬೇಕಾದ್ರೂ ಕಟ್ ಮಾಡ್ಬಹುದಿತ್ತು, ಆದ್ರೆ ಎಂಪೆಗ್ ಅನ್ನೋ ವಿಡಿಯೋ ಕುಗ್ಗಿಸೋ ಪದ್ಧತಿಲಿ ಐ ಫ್ರೇಮ್ ಮಾತ್ರ ಪೂರ್ತಿ ಇರುತ್ತೆ, ಪಿ ಮತ್ತು ಬಿ ಫ್ರೇಮ್‌ಗಳು ಬೇರೆ ಫ್ರೇಮ್‌ಗೂ ತಮಗೂ ಏನು ವ್ಯತ್ಯಾಸ ಅಂತಷ್ಟೇ ಹೇಳ್ತವೆ. ಸೆಕೆಂಡಿಗೆ 25 ಫ್ರೇಮ್, ಜಿಓಪಿ (ಒಂದು ಐ ಫ್ರೇಮಿಂದ ಶುರುವಾಗೋ ಫ್ರೇಮ್ ಗುಂಪು) 12 ಫ್ರೇಮ್ ಅಂದ್ರೆ ಐ ಫ್ರೇಮ್ ಸಿಗೋದು 480 ಮಿಲಿಸೆಕೆಂಡಿಗೆ ಒಂದ್ಸಲ. ಅದರ ಮಧ್ಯದಿಂದ ಆ್ಯಡ್ ಶುರು ಮಾಡಿದ್ರೆ ಒಡವೆ ಅಂಗಡಿ ಬಳೆ ಹೋಗಿ ನ್ಯೂಸ್ ಓದೋರ ಕೆನ್ನೆ ಮೇಲೆ ಕೂರುತ್ತೆ, ನೀವು ನೋಡ್ತಿರೋ ಚೌಕ ಅದೇ. ಓಪನ್ ಜಿಓಪಿ ಇದ್ರೆ ಐ ಫ್ರೇಮಲ್ಲೇ ಕಟ್ ಮಾಡಿದ್ರೂ ಮೊದಲ ಎರಡು ಬಿ ಫ್ರೇಮ್ ಹಿಂದಿನ ಜಿಓಪಿಯನ್ನ ಹುಡುಕ್ತಾವೆ, ಹಂಗಾಗಿ ಆ್ಯಡನ್ನ ಕ್ಲೋಸ್ಡ್ (ಹಿಂದಿನ ಗುಂಪನ್ನ ನೆಚ್ಚದಿರೋ) ಜಿಓಪಿಲೇ ಎನ್‌ಕೋಡ್ ಮಾಡಿ.

ನಿಂತೋಗೋದಕ್ಕೆ ಕಾರಣ ಬೇರೆ, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ. ಡಿಕೋಡರ್ (ಕುಗ್ಗಿಸಿದ್ದನ್ನ ಬಿಚ್ಚಿ ತೋರಿಸೋದು) ಒಳಗೆ ಬಫರ್ ಅಂತ ಬಂದ ಡೇಟಾನ ಸ್ವಲ್ಪ ಹೊತ್ತು ಇಟ್ಕೊಳ್ಳೋ ಜಾಗ ಇದೆ, ಎಂಪೆಗ್-2 ಎಸ್‌ಡಿಗೆ 224 ಕಿಲೋಬೈಟ್ ಅಷ್ಟೇ. ಪ್ರೋಗ್ರಾಂ ಮುಗಿಯೋ ಹೊತ್ತಿಗೆ ಅದು ಎಷ್ಟು ತುಂಬಿದೆ ಅನ್ನೋದಕ್ಕೂ ಆ್ಯಡ್ ಎನ್‌ಕೋಡ್ ಆದಾಗ ಇಟ್ಕೊಂಡಿದ್ದ ಲೆಕ್ಕಕ್ಕೂ ತಾಳೆ ಆಗ್ಬೇಕು. ಮೊದಲನೇ ಐ ಫ್ರೇಮ್ ದಪ್ಪಗಿದ್ದು ಟೈಮಿಗೆ ಪೂರ್ತಿ ಬಂದಿಲ್ಲಾಂದ್ರೆ ಬಫರ್ ಖಾಲಿ ಹೊಡೆಯುತ್ತೆ, ಪಿಕ್ಚರ್ ಫ್ರೀಜ್. ಆ್ಯಡ್ ಶುರುಲಿ ನಾಲ್ಕೈದು ಕಪ್ಪು ಫ್ರೇಮ್ ಇಟ್ಟು ನೋಡಿ, ಅವಕ್ಕೆ ಡೇಟಾ ತೀರಾ ಕಮ್ಮಿ ಸಾಕು, ಬಫರ್ ಸುಧಾರಿಸ್ಕೊಳ್ಳುತ್ತೆ. ಆ್ಯಡ್‌ನ ಪಿಸಿಆರ್ (ಸ್ಟ್ರೀಮ್ ಗಡಿಯಾರದ ಟೈಮ್), ಪಿಟಿಎಸ್ (ಫ್ರೇಮನ್ನ ಯಾವಾಗ ತೋರಿಸ್ಬೇಕು ಅನ್ನೋ ಟೈಮ್) ಎರಡನ್ನೂ ಪ್ರೋಗ್ರಾಂ ಗಡಿಯಾರಕ್ಕೆ ಹೊಂದಿಸಿ ಹೊಸದಾಗಿ ಬರೀಲೇಬೇಕು.

ಆಡಿಯೋನೂ ನೋಡ್ಕೊಳ್ಳಿ. ವಿಡಿಯೋ ಫ್ರೇಮ್ 40 ಮಿಲಿಸೆಕೆಂಡ್, 48 ಕಿಲೋಹರ್ಟ್ಸ್ ಲೇಯರ್-2 (ಎಂಪೆಗ್‌ನ ಆಡಿಯೋ ಪದ್ಧತಿ) ಆಡಿಯೋ ಫ್ರೇಮ್ 24, ಎರಡೂ ಒಟ್ಟಿಗೆ ಮುಗಿಯೋದು 120ಕ್ಕೊಂದ್ಸಲ. ಅದಕ್ಕೇ ಎರಡೂ ಕಡೆ ಸ್ವಲ್ಪ ಸೈಲೆನ್ಸ್ ಬಿಡಿ, ಟಪ್ ಅನ್ನೋ ಸೌಂಡ್ ಹೋಗುತ್ತೆ.

ದೊಡ್ಡ ಚಾನೆಲ್‌ಗಳು ಎಸ್‌ಸಿಟಿಇ-35 ಅನ್ನೋ ಸೂಚನೆ ಕಳಿಸಿ ಎಲ್ಲಿ ಕಟ್ ಅಂತ ಮೊದಲೇ ಸ್ಪ್ಲೈಸರ್‌ಗೆ (ಜೋಡಿಸೋ ಮಷೀನಿಗೆ) ತಿಳಿಸ್ತಾವೆ. ನಿಮ್ದು ಒಂದೇ ಚಾನೆಲ್, ಅಷ್ಟೆಲ್ಲಾ ಯಾಕೆ, ನನ್ ಕೇಳಿದ್ರೆ ಎರಡನ್ನೂ ಡಿಕೋಡ್ ಮಾಡಿ ಸ್ವಿಚ್ ಮಾಡಿ ಒಂದೇ ಎನ್‌ಕೋಡರ್‌ಗೆ ಕೊಡಿ, ಕ್ವಾಲಿಟಿ ಸ್ವಲ್ಪ ಇಳಿಯುತ್ತೆ ನಿಜ, ಆದ್ರೆ ಜೋಡಣೆ ಜಾಗದಲ್ಲಿ ಪಿಕ್ಚರ್ ಒಡೆಯಲ್ಲ.