ಮಳೆ ನಿಂತ ಮೇಲೂ ಗಾಳಿಗೆ ಹೆದರಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳು ಹೊರದೇಶದಲ್ಲಿ, ಕಡಲ ತೀರದ ಊರೊಂದರಲ್ಲಿ ಓದುತ್ತಿದ್ದಾಳೆ. ಚಳಿಗಾಲದಲ್ಲಿ ಅಲ್ಲಿ ಆಗಾಗ 'ಬಲವಾದ ಕೋಲ್ಡ್ ಫ್ರಂಟ್ ಬರುತ್ತಿದೆ, ಅಪಾಯದ ಗಾಳಿ' ಅಂತ ಎಚ್ಚರಿಕೆ ಕೊಡುತ್ತಾರೆ. ಇವಳು ಮಳೆ ನಿಂತ ಕೂಡಲೇ ಗೆಳತಿಯರ ಜೊತೆ ಅಲೆ ನೋಡೋಕೆ ಹೊರಡುತ್ತಾಳೆ. ಹೋಗಬಹುದಾ?

ಉತ್ತರ: ಬೇಡ ಅನ್ನಿ ತಾಯಿ. ಮೋಡ ಒಡೆದು ನೀಲಿ ಆಕಾಶ ಕಂಡರೆ ಅಪಾಯ ಕಳೆಯಿತು ಅಂತ ಎಲ್ಲರಿಗೂ ಅನಿಸುತ್ತದೆ. ಕೋಲ್ಡ್ ಫ್ರಂಟ್, ಅಂದರೆ ಮುನ್ನುಗ್ಗಿ ಬರುವ ತಣ್ಣನೆಯ ಗಾಳಿಯ ಮುಂದಿನ ಅಂಚಿನ ವಿಷಯದಲ್ಲಿ ಇದನ್ನು ನಂಬಲೇಬಾರದು.

ತಣ್ಣನೆಯ ಗಾಳಿಗೆ ತೂಕ ಜಾಸ್ತಿ. ಅದು ಬೆಚ್ಚಗಿನ ಗಾಳಿಯ ಅಡಿಗೆ ಬೆಣೆಯ ಹಾಗೆ ನುಗ್ಗಿ, ಅದನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಮೇಲೇರಿದ ಗಾಳಿಯ ತೇವ ಮೋಡವಾಗಿ ಸುರಿಯುತ್ತದೆ. ಈ ಮಳೆಯ ಪಟ್ಟಿ ನೂರಾರು ಕಿಲೋಮೀಟರ್ ಉದ್ದ ಇದ್ದರೂ ಅಗಲ ಕಡಿಮೆ, ಬೇಗ ದಾಟಿ ಹೋಗುತ್ತದೆ. ಆದರೆ ಅದರ ಬೆನ್ನಿಗೇ ತಣ್ಣನೆಯ ಗಾಳಿ ಬರುತ್ತದಲ್ಲ, ಅಲ್ಲಿ ವಾಯು ಒತ್ತಡ ಸರ್ರನೆ ಏರುತ್ತದೆ. ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಗಾಳಿ ಜೋರು. ಸಾಲದ್ದಕ್ಕೆ, ಬೆಚ್ಚಗಿನ ಸಮುದ್ರದ ಮೇಲೆ ಹರಿಯುವಾಗ ಈ ತಣ್ಣನೆಯ ಗಾಳಿ ಕೆಳಗಿನಿಂದ ಕಾದು ಕಲಕಿಹೋಗುತ್ತದೆ. ಆಗ ಎತ್ತರದಲ್ಲಿದ್ದ ವೇಗದ ಗಾಳಿ ಬಿಟ್ಟು ಬಿಟ್ಟು ಕೆಳಗೆ ಇಳಿದು ಹೊಡೆಯುತ್ತದೆ. ನೀರಿನ ಮೇಲೆ ಅದನ್ನು ತಡೆಯೋಕೆ ಗುಡ್ಡವಿಲ್ಲ, ಮರವಿಲ್ಲ.

ನಾನು ಸರಕು ಹಡಗಿನಲ್ಲಿ ಡೆಕ್ ಆಫೀಸರ್ ಆಗಿದ್ದವನು. ಚಳಿಗಾಲದಲ್ಲಿ, ಫ್ರಾನ್ಸ್-ಸ್ಪೇನ್ ಪಕ್ಕದ ಬಿಸ್ಕೇ ಕೊಲ್ಲಿಯಲ್ಲಿ ನಮ್ಮ ಕಣ್ಣೆಲ್ಲ ಬ್ಯಾರೋಗ್ರಾಫ್ ಮೇಲೇ. ಸುತ್ತುವ ಡ್ರಮ್ಮಿನ ಕಾಗದದ ಮೇಲೆ ಸಣ್ಣ ಪೆನ್ನು ಒತ್ತಡದ ಗೆರೆ ಎಳೆಯುತ್ತಿರುತ್ತದೆ. ಗೆರೆ ಇಳಿಯುತ್ತಾ ಇಳಿಯುತ್ತಾ, ಒಂದು ಕಡೆ ತಟ್ಟನೆ ಮೇಲಕ್ಕೆ ತಿರುಗುತ್ತದೆ. ಫ್ರಂಟ್ ದಾಟಿತು ಅಂತ ಅರ್ಥ. ಅದೇ ಹೊತ್ತಿಗೆ ನೈರುತ್ಯದಿಂದ ಬೀಸುತ್ತಿದ್ದ ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ಉಲ್ಟಾ, ವಾಯವ್ಯದಿಂದ ಬೀಸುತ್ತಿದ್ದದ್ದು ನೈರುತ್ಯದಿಂದ ಬೀಸುತ್ತದೆ. ಗಾಳಿ ತಿರುಗಿದರೂ ಹಳೆಯ ಅಲೆ ತಿರುಗುವುದಿಲ್ಲ. ಅದು ಒಂದು ಕಡೆಯಿಂದ, ಹೊಸ ಅಲೆ ಇನ್ನೊಂದು ಕಡೆಯಿಂದ. ಎರಡೂ ಸೇರಿದ ಜಾಗದಲ್ಲಿ ನೀರು ಗುಡ್ಡೆಯಾಗಿ ಎದ್ದು ದಪ್ಪನೆ ಕುಸಿಯುತ್ತದೆ. ಯಾವಾಗ, ಎಲ್ಲಿ ಅಂತ ಅನುಭವಸ್ಥ ನಾವಿಕರಿಗೂ ಹೇಳೋಕಾಗಲ್ಲ.

ದಡದಲ್ಲೂ ಹೀಗೇ. ಬಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ, ನೀರು ಇಲ್ಲಿವರೆಗೆ ಬರಲ್ಲ ಅಂತ ಜನ ಧೈರ್ಯ ಮಾಡುತ್ತಾರೆ. ದೊಡ್ಡ ಅಲೆ ಆಮೇಲೆ ಬರುತ್ತದೆ. ದೂರದ ಸಮುದ್ರದಲ್ಲಿ ಹುಟ್ಟಿದ ಅಲೆಗಳು ಇಲ್ಲಿ ಗಾಳಿ ತಗ್ಗಿದ ಮೇಲೂ ದಡಕ್ಕೆ ಬರುತ್ತಲೇ ಇರುತ್ತವೆ. ಹವಾಮಾನ ಇಲಾಖೆ ಎಚ್ಚರಿಕೆ ಹಿಂತೆಗೆದುಕೊಳ್ಳುವವರೆಗೆ ಬಂಡೆ, ಅಲೆ ತಡೆಗೋಡೆ, ಜೆಟ್ಟಿ ಯಾವುದರ ಹತ್ತಿರವೂ ಹೋಗಬಾರದು ಅಂತ ಮಗಳಿಗೆ ಹೇಳಿ. ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ಗಂಟೆಗೆ 70 ಕಿ.ಮೀ. ಗಾಳಿ ಅಂತ ಹೆದರಿಸುತ್ತಾರೆ. ಬೈಕಿನಲ್ಲಿ ಅಷ್ಟು ವೇಗ ದಿನಾ ಹೋಗ್ತೀವಲ್ಲ?

ಉತ್ತರ: ಬೈಕಿನಲ್ಲಿ ಗಾಳಿ ಎದುರಿನಿಂದ ಒಂದೇ ಸಮನೆ ಬರುತ್ತದೆ, ನೀವು ತಯಾರಾಗಿರುತ್ತೀರಿ. ಇಲ್ಲಿ ಅದು ಪಕ್ಕದಿಂದ ಹೊಡೆದು, ನಿಂತು, ಮತ್ತೆ ಹೊಡೆಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 35ರ ಗಾಳಿಗೆ ಸುಮ್ನೆ ಅಲುಗಾಡುವ ತಗಡಿನ ಮೇಲೆ 70ರ ಗಾಳಿ ಅದರ ನಾಲ್ಕರಷ್ಟು ಬಲ ಹಾಕುತ್ತದೆ. ಇನ್ನೊಂದು ಮಾತು: ಮುನ್ಸೂಚನೆಯಲ್ಲಿ ಹೇಳುವುದು ಸಾಮಾನ್ಯವಾಗಿ ಸರಾಸರಿ ವೇಗ, ನಡುನಡುವಿನ ಹೊಡೆತಗಳು ಅದಕ್ಕಿಂತ ಜೋರಾಗಿರುತ್ತವೆ. ಗಾಳಿಯ ಜೋರನ್ನು ಅಳೆಯುವ ಬ್ಯೂಫರ್ಟ್ ಮಾಪನದಲ್ಲಿ ಗಂಟೆಗೆ 62 ಕಿ.ಮೀ. ದಾಟಿದರೆ ನಡೆಯೋದೇ ಕಷ್ಟ, 89 ದಾಟಿದರೆ ಮರಗಳೇ ಬುಡಮೇಲು. ಮಳೆಗೆ ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತ ಸಡಿಲವಾಗಿದ್ದರೆ ಇನ್ನೂ ಮೊದಲೇ.

ಪ್ರಶ್ನೆ: ಇಂಥ ಎಚ್ಚರಿಕೆ ಕೊಡೋದು ಶುರುವಾಗಿದ್ದು ಹೇಗೆ?

ಉತ್ತರ: 1859ರ ಅಕ್ಟೋಬರ್‌ನಲ್ಲಿ 'ರಾಯಲ್ ಚಾರ್ಟರ್' ಎಂಬ ಹಡಗು ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಬರುತ್ತಾ, ಇನ್ನೇನು ತಲುಪಬೇಕು ಅನ್ನುವಾಗ ಬಿರುಗಾಳಿಗೆ ಸಿಕ್ಕಿತು. ಪೂರ್ವದಿಂದ ಬೀಸುತ್ತಿದ್ದ ಗಾಳಿ ತಿರುಗಿ ಉತ್ತರದ ಕಡೆಯಿಂದ ಬೀಸತೊಡಗಿತು. ಲಂಗರಿನ ಸರಪಳಿ ಕಿತ್ತುಹೋಗಿ, ಹಡಗು ವೇಲ್ಸ್‌ನ ಆಂಗ್ಲ್‌ಸೀ ದಡದ ಬಂಡೆಗೆ ಬಡಿಯಿತು. 400ಕ್ಕೂ ಹೆಚ್ಚು ಜನ ಸತ್ತರು. ಆಗ ಬ್ರಿಟನ್ನಿನ ಹವಾಮಾನ ಕಚೇರಿ ನೋಡಿಕೊಳ್ಳುತ್ತಿದ್ದ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸೋಕೆ ಶುರುಮಾಡಿದರು. ನನ್ನ ಪಾಲಿಗೆ ಅವರು ನಾವಿಕರ ಜೀವ ಕಾಯ್ದ ಮಹಾನುಭಾವ.

ಪ್ರಶ್ನೆ: ಗಾಳಿಗೆ ಕರೆಂಟ್ ಹೋದರೆ ಜನರೇಟರನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಾ? ಹೊರಗಿಟ್ಟರೆ ಮಳೆಗೆ ನೆನೆಯುತ್ತೆ.

ಉತ್ತರ: ಖಂಡಿತ ಬೇಡ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಗ್ಯಾರೇಜು, ವರಾಂಡ ಕೂಡ ಬೇಡ. ಹೊರಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಮೇಲೊಂದು ಮರೆ ಮಾಡಿ ಇಡಿ. ಅಷ್ಟು ಜಾಗ ಇಲ್ಲದಿದ್ದರೆ ಆ ರಾತ್ರಿ ಬ್ಯಾಟರಿ ದೀಪದಲ್ಲೇ ಕಳೆಯಿರಿ. ಬೀದಿಯಲ್ಲಿ ತಂತಿ ಕಡಿದು ಬಿದ್ದಿದ್ದರೆ, ಕರೆಂಟ್ ಇಲ್ಲ ಅಂತ ಗೊತ್ತಿದ್ದರೂ ಅದನ್ನು ಸರಿಸೋಕೆ ಹೋಗಬೇಡಿ. ದೂರದಿಂದಲೇ ವಿದ್ಯುತ್ ಇಲಾಖೆಗೆ ಫೋನ್ ಮಾಡಿ.