ಆ ಲಂಗದ ಅಂಚು ಎಲ್ಲಿತ್ತು?

ಪ್ರಿಯ ಲೇಖಕಿಯವರಿಗೆ,

ಅಮೆರಿಕದ ಫ್ಯಾಷನ್ ಪತ್ರಿಕೆ ಹಾರ್ಪರ್ಸ್ ಬಜಾರ್‌ನ ಸಂಪಾದಕಿಯಾಗಿದ್ದ ಕಾರ್ಮೆಲ್ ಸ್ನೋ ಅವರ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಪಟ್ಟ ಶ್ರಮ ಕಾಣುತ್ತದೆ. ಆದರೂ ನಿನ್ನೆ ರಾತ್ರಿ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು. ಬದುಕಿಡೀ ಉಡುಪು ನೋಡಿದ ಹೆಂಗಸಿನ ಬಗ್ಗೆ ಎಂಟು ಪುಟ ಬರೆದಿದ್ದೀರಿ; ಅದರಲ್ಲಿ ಒಂದು ಗೇಣು ಬಟ್ಟೆಯೂ ಇಲ್ಲ.

ಮೂರನೆಯ ಪುಟ ತೆಗೆಯಿರಿ. “1947ರ ಫೆಬ್ರುವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಅದ್ಭುತ ಉಡುಪುಗಳನ್ನು ಪ್ರದರ್ಶಿಸಿದರು.” ಅದ್ಭುತ ಎಂದರೆ ಹೇಗಿದ್ದವು? ಯುದ್ಧದ ವರ್ಷಗಳಲ್ಲಿ ಬಟ್ಟೆಗೆ ಬರವಿತ್ತು. ಲಂಗ ಮೊಣಕಾಲಿಗೇ ನಿಂತಿತ್ತು, ಭುಜ ಚೌಕವಾಗಿ ಸೆಟೆದಿತ್ತು. ಡಿಯೋರ್ ಭುಜವನ್ನು ಇಳಿಸಿದರು, ಸೊಂಟವನ್ನು ಬಿಗಿದರು, ಗಜಗಟ್ಟಲೆ ಬಟ್ಟೆಯ ಲಂಗವನ್ನು ಮೀನಖಂಡ ಮುಚ್ಚುವಷ್ಟು ಕೆಳಗೆ ಬಿಟ್ಟರು. ಇಷ್ಟನ್ನು ಹೇಳಿದರೆ ಮಾತ್ರ ನಿಮ್ಮ ಮುಂದಿನ ವಾಕ್ಯಕ್ಕೆ ಜೀವ ಬರುತ್ತದೆ: “ಸ್ನೋ ಅದನ್ನು ‘ನ್ಯೂ ಲುಕ್’ ಎಂದು ಕರೆದು ಇತಿಹಾಸ ನಿರ್ಮಿಸಿದರು.” ಹಳೆಯದು ಹೇಗಿತ್ತೆಂದು ತೋರಿಸದೆ ಇದು ಹೊಸದು ಎಂದರೆ ಓದುಗರು ಹೇಗೆ ನಂಬಬೇಕು? ‘ಇತಿಹಾಸ ನಿರ್ಮಿಸಿದರು’ ಎಂಬುದನ್ನು ಹೊಡೆದುಹಾಕಿ.

ನಾಲ್ಕನೆಯ ಪುಟದಲ್ಲೂ ಇದೇ ಕಾಯಿಲೆ. “ಮುಂಕಾಚಿಯವರ ಮೂಲಕ ಫ್ಯಾಷನ್ ಛಾಯಾಗ್ರಹಣದಲ್ಲಿ ಕ್ರಾಂತಿ ಮಾಡಿದರು.” ಅಲ್ಲಿ ನಡೆದದ್ದೇನು? 1933ರಲ್ಲಿ, ಒಂದು ಚಳಿಯ ದಿನ, ಲಾಂಗ್ ಐಲೆಂಡಿನ ಕಡಲತೀರ. ಕ್ರೀಡಾ ಚಿತ್ರಗಳಲ್ಲಿ ಪಳಗಿದ್ದ ಹಂಗೇರಿಯ ಮಾರ್ಟಿನ್ ಮುಂಕಾಚಿ, ಈಜುಡುಗೆ ತೊಟ್ಟ ರೂಪದರ್ಶಿಯನ್ನು ಮರಳಿನ ಮೇಲೆ ಓಡಿಸಿದರು. ಹೆಗಲ ಮೇಲಿನ ಕೇಪ್ ಹಿಂದಕ್ಕೆ ಹಾರಿತು. ಅದಕ್ಕೆ ಮುಂಚೆ ರೂಪದರ್ಶಿಯರು ಸ್ಟುಡಿಯೋ ದೀಪದ ಕೆಳಗೆ ಬೊಂಬೆಗಳಂತೆ ನಿಲ್ಲುತ್ತಿದ್ದರು. ಓಡುವ ಹೆಂಗಸನ್ನೂ ಹಾರುವ ಬಟ್ಟೆಯನ್ನೂ ಬಿಟ್ಟು ‘ಕ್ರಾಂತಿ’ಯೊಂದನ್ನೇ ಇಟ್ಟುಕೊಂಡಿದ್ದೀರಿ.

ನಾನು ಉಪಸಂಪಾದಕಿಯಾಗಿ ಸೇರಿದ ಹೊಸತರಲ್ಲಿ ಒಂದು ಉಡುಪು ಪ್ರದರ್ಶನದ ವರದಿ ಬರೆದಿದ್ದೆ. ಹಿರಿಯ ಸಂಪಾದಕರು ‘ಮನಮೋಹಕ’ದ ಮೇಲೆ ಕೆಂಪು ಗೀಟು ಎಳೆದು, “ತೋಳು ಎಲ್ಲಿಯವರೆಗಿತ್ತು?” ಎಂದು ಕೇಳಿದರು. ಎರಡು ಗಂಟೆ ಮುಂದಿನ ಸಾಲಿನಲ್ಲೇ ಕುಳಿತಿದ್ದೆ, ಆದರೂ ನನಗೆ ಗೊತ್ತಿರಲಿಲ್ಲ. ಮರುದಿನ ಅವರು ನನ್ನನ್ನು ಒಬ್ಬ ದರ್ಜಿಯ ಬಳಿಗೆ ಕಳುಹಿಸಿದರು. ಒಂದು ವಾರ ಅಳತೆ ಹಾಕುವುದನ್ನು, ನೆರಿಗೆ ಹಿಡಿಯುವುದನ್ನು, ಅಂಚು ಮಡಿಸುವುದನ್ನು ನೋಡುತ್ತಾ ಕುಳಿತೆ. ಓರೆಯಾಗಿ ಕತ್ತರಿಸಿದ ಬಟ್ಟೆ ಮೈಮೇಲೆ ಇಳಿಯುವ ರೀತಿಯೇ ಬೇರೆ ಎಂಬುದು ಅಲ್ಲಿ ಕಣ್ಣಿಗೆ ಬಿತ್ತು. ಆ ವಾರಕ್ಕೆ ನಾನು ಇಂದಿಗೂ ಋಣಿ.

ಅದಕ್ಕೇ ನಿಮ್ಮ ಮೊದಲ ಪುಟದ ಅರ್ಧ ವಾಕ್ಯ ನನ್ನನ್ನು ಬಿಡುತ್ತಿಲ್ಲ. ಸ್ನೋ ಅವರ ತಾಯಿ ನ್ಯೂಯಾರ್ಕಿನಲ್ಲಿ ಉಡುಪು ಹೊಲಿಸುವ ಮಳಿಗೆ ನಡೆಸುತ್ತಿದ್ದರು ಎಂದು ಬರೆದಿದ್ದೀರಿ, ಅದೂ ಆವರಣ ಚಿಹ್ನೆಯೊಳಗೆ! 1921ರಲ್ಲಿ ವೋಗ್ ಫ್ಯಾಷನ್ ಪತ್ರಿಕೆ ಸೇರುವ ಮೊದಲು ಮಗಳು ಕೆಲಸ ಕಲಿತದ್ದು ಅಲ್ಲಿಯೇ. ಲೇಖನ ಆ ಮಳಿಗೆಯಿಂದ ಶುರುವಾಗಲಿ. ಮೂರು ಮತ್ತು ನಾಲ್ಕನೆಯ ಪುಟಗಳನ್ನು ಹೊಸದಾಗಿ ಬರೆದು ಕಳುಹಿಸಿ. ಬಂದ ದಿನವೇ ಓದುತ್ತೇನೆ.

ಸಂಪಾದಕಿ