ಎಂಆರ್‌ಐ ರಿಪೋರ್ಟಲ್ಲಿ ಗ್ಲಯೋಸಿಸ್ ಅಂತ ಬರೆದಿದಾರೆ, ಆಸ್ಟ್ರೋಸೈಟ್ ಆಕಾರ ಬದಲಾಗೋದು ಅಂದ್ರೆ ಏನು?

ನಿಮ್ಮ ತಂದೆಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು, ಈಗ ಅದೇ ಜಾಗದಲ್ಲಿ ಗ್ಲಯೋಸಿಸ್ ಅಂತ ಬಂದಿದೆ, ಇದು ಗಡ್ಡೆನಾ, ಮತ್ತೆ ಮೊದಲಿನ ಥರ ಆಗುತ್ತಾ ಅಂತ ಕೇಳಿದೀರ. ಗ್ಲಯೋಮಾ ಬೇರೆ, ಗ್ಲಯೋಸಿಸ್ ಬೇರೆ. ಗ್ಲಯೋಮಾ ಅಂದ್ರೆ ಗಡ್ಡೆ. ಗ್ಲಯೋಸಿಸ್ ಅಂದ್ರೆ ಗಾಯ ಮಾಗಿದ ಕಲೆ ಅಂದ್ಕೊಳ್ಳಿ, ಆಸ್ಟ್ರೋಸೈಟ್ ಅನ್ನೋ ಕೋಶಗಳು ಆಕಾರ ಬದಲಾಯಿಸ್ಕೊಂಡು ಕಟ್ಟೋ ಕಲೆ ಅದು. ನಾನು ಡಾಕ್ಟರಲ್ಲ, ಪೆಥಾಲಜಿ ಲ್ಯಾಬಲ್ಲಿ ಮೆದುಳಿನ ಸ್ಲೈಡ್‌ಗಳಿಗೆ ಬಣ್ಣ ಹಾಕೋ ಕೆಲಸ ತುಂಬಾ ವರ್ಷ ಮಾಡಿದೀನಿ, ಹಾಗಾಗಿ ಕಣ್ಣಾರೆ ನೋಡಿರೋದನ್ನ ಹೇಳ್ತೀನಿ.

ಆಸ್ಟ್ರೋಸೈಟ್ ಅಂದ್ರೆ ಮೆದುಳಲ್ಲಿ ನರಕೋಶಗಳಿಗೆ ಆಸರೆಯಾಗಿರೋ, ನಕ್ಷತ್ರದಂಥ ಕೋಶ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಆದ್ರೆ ಆ ನಕ್ಷತ್ರ ಪೂರ್ತಿ ನಿಜ ಅಲ್ಲ. ನಾವು ಹಾಕೋ ಸ್ಟೈನ್ ಜಿಎಫ್‌ಎಪಿ ಅನ್ನೋ ಪ್ರೋಟೀನ್‌ಗೆ ಮಾತ್ರ ಅಂಟ್ಕೊಳ್ಳುತ್ತೆ, ಅದು ಕೋಶದ ಅಸ್ಥಿಪಂಜರ ಇದ್ದ ಹಾಗೆ, ಒಟ್ಟು ಗಾತ್ರದಲ್ಲಿ ಸುಮಾರು 15% ಅಷ್ಟೇ. ಅರಳಿ ಎಲೆನ ನೀರಲ್ಲಿ ಕೊಳೆ ಹಾಕಿದ್ರೆ ಕೊನೆಗೆ ಬರೀ ನರಗಳ ಜಾಲರಿ ಉಳಿಯುತ್ತಲ್ಲ, ಸ್ಲೈಡಲ್ಲಿ ಕಾಣೋದು ಅದು. 2002ರಲ್ಲಿ ಇಲಿ ಮೆದುಳಿನ ಒಂದೊಂದೇ ಆಸ್ಟ್ರೋಸೈಟ್ ಒಳಗೆ ಬಣ್ಣ ತುಂಬಿ ನೋಡಿದಾಗ ಅದು ಸ್ನಾನಕ್ಕೆ ಬಳಸೋ ತುಪ್ಪದ ಹೀರೇಕಾಯಿ ನಾರಿನ ಥರ ದಟ್ಟವಾಗಿ, ಸೂಕ್ಷ್ಮ ಎಳೆಗಳಿಂದ ತುಂಬಿತ್ತು. ಇನ್ನೊಂದು ವಿಷಯನೂ ಗೊತ್ತಾಯ್ತು, ಪ್ರತಿ ಕೋಶಕ್ಕೂ ಅದರದ್ದೇ ಜಾಗ, ಪಕ್ಕದ ಹೊಲಕ್ಕೆ ಬದು ಹಾಕ್ಕೊಂಡಂಗೆ, ಅಂಚಲ್ಲಿ ಮಾತ್ರ ಒಂದಕ್ಕೊಂದು ತಾಗುತ್ತವೆ. ಮನುಷ್ಯರಲ್ಲಿ ಇವು ಇನ್ನೂ ದೊಡ್ಡವು, ಇಲಿಗಿಂತ ಅಡ್ಡಳತೆ 2.6 ಪಟ್ಟು ಜಾಸ್ತಿ, ಒಂದೇ ಕೋಶದ ವ್ಯಾಪ್ತಿಲಿ 20 ಲಕ್ಷದವರೆಗೂ ಸಿನಾಪ್ಸ್, ಅಂದ್ರೆ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸೋ ಜಾಗ, ಬರಬಹುದು ಅಂತ ಲೆಕ್ಕ ಹಾಕಿದಾರೆ.

ಆರೋಗ್ಯವಾಗಿರೋ ಮೆದುಳಲ್ಲೂ ಈ ಎಳೆಗಳು ಸುಮ್ನೆ ಇರಲ್ಲ. ನಂಗೆ ತುಂಬಾ ಇಷ್ಟವಾದ ಉದಾಹರಣೆ ಬಾಣಂತಿ ಇಲಿದು. ಹೈಪೊಥಲಾಮಸ್‌ನಲ್ಲಿ (ಮೆದುಳಿನ ತಳದ ಒಂದು ಭಾಗ) ಹಾಲು ಇಳಿಸೋ ಆಕ್ಸಿಟೋಸಿನ್ ಹಾರ್ಮೋನ್ ಬಿಡೋ ನರಕೋಶಗಳ, ಅಂದ್ರೆ ನ್ಯೂರಾನ್‌ಗಳ ಮಧ್ಯ ಆಸ್ಟ್ರೋಸೈಟ್‌ನ ತೆಳು ಪದರ ಇರುತ್ತೆ, ಮರಿಗೆ ಹಾಲು ಕೊಡೋ ದಿನಗಳಲ್ಲಿ ಆ ಪದರ ಹಿಂದೆ ಸರಿದು ಜಾಗ ಬಿಡುತ್ತೆ, ನ್ಯೂರಾನ್‌ಗಳು ಒಂದಕ್ಕೊಂದು ನೇರ ಮೈ ತಾಗಿಸ್ಕೊಂಡು ಕೂರ್ತವೆ, ಮರಿ ಹಾಲು ಬಿಟ್ಟ ಮೇಲೆ ಪದರ ವಾಪಸ್ ಮಧ್ಯ ಬಂದು ನಿಲ್ಲುತ್ತೆ. ಕಾಯಿಲೆ ಇಲ್ಲ, ಗಾಯ ಇಲ್ಲ, ಆದ್ರೂ ಆಕಾರ ಬದಲಾಗಿ ಮತ್ತೆ ಮೊದಲಿನಂಗೆ ಆಯ್ತು ನೋಡಿ.

ಇನ್ನು ಏಟು ಬಿದ್ದಾಗ. ಸಣ್ಣ ಏಟಾದ್ರೆ ಮುಖ್ಯ ಕೊಂಬೆಗಳು ದಪ್ಪ ಆಗ್ತವೆ, ಜಿಎಫ್‌ಎಪಿ ಜಾಸ್ತಿ ಆಗುತ್ತೆ, ಸ್ಲೈಡಲ್ಲಿ ತೆಳು ಕಂದು ಗೆರೆ ಇದ್ದಿದ್ದು ಗಾಢವಾಗುತ್ತೆ, ಆದ್ರೆ ಬದು ದಾಟಲ್ಲ, ಕಾರಣ ಹೋದ್ರೆ ಇದು ಇಳಿಯಲೂಬಹುದು. ಸ್ಟ್ರೋಕ್ ಥರದ ದೊಡ್ಡ ಪೆಟ್ಟಲ್ಲಿ ಕಥೆನೇ ಬೇರೆ. ಕೆಲವು ಕೋಶ ಹೊಟ್ಟೆ ಉಬ್ಬಿ ಗುಲಾಬಿ ಬಣ್ಣದಲ್ಲಿ ಕಾಣ್ತವೆ, ನ್ಯೂಕ್ಲಿಯಸ್ ಒಂದು ಮೂಲೆಗೆ ಸರಿದಿರುತ್ತೆ, ಇವನ್ನ ಜೆಮಿಸ್ಟೋಸೈಟ್ ಅಂತಾರೆ. ಸತ್ತ ಜಾಗದ ಸುತ್ತ ಕೋಶಗಳು ಹೊಸದಾಗಿ ಹುಟ್ಟಿ, ಎಳೆಗಳನ್ನ ಹೆಣೆದು ಬೇಲಿ ಕಟ್ಟುತ್ತವೆ. ಈ ಬೇಲಿ ಬರೀ ಕೆಟ್ಟದು, ನರ ಮತ್ತೆ ಬೆಳೆಯೋಕೆ ಬಿಡಲ್ಲ ಅಂತ ಬಹಳ ಕಾಲ ನಂಬಿದ್ರು, ಆದ್ರೆ 2004ರಲ್ಲಿ ಬೆನ್ನುಹುರಿಗೆ ಗಾಯ ಆದ ಇಲಿಗಳಲ್ಲಿ ಇಂಥ ಕೋಶಗಳನ್ನ ತೆಗೆದಾಗ ಉರಿಯೂತ ಹರಡಿ ಪರಿಸ್ಥಿತಿ ಇನ್ನೂ ಹದಗೆಟ್ಟಿತು, ಅದಕ್ಕೇ ನಿಮ್ಮ ತಂದೆಯ ಮೆದುಳು ತನ್ನನ್ನ ಕಾಪಾಡ್ಕೊಂಡ ಗುರುತು ಇದು ಅಂತ ನಾನು ಧೈರ್ಯವಾಗಿ ಹೇಳ್ತಿರೋದು.

ಎಲ್ಲಾ ಕಾಯಿಲೇಲೂ ದಪ್ಪನೇ ಆಗುತ್ತೆ ಅಂತಿಲ್ಲ. ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಪ್ಲಾಕ್ (ಮೆದುಳಲ್ಲಿ ಗಂಟು ಕಟ್ಟೋ ಪ್ರೋಟೀನ್) ಪಕ್ಕ ಇರೋ ಆಸ್ಟ್ರೋಸೈಟ್ ಊದಿಕೊಂಡ್ರೆ, ದೂರದಲ್ಲಿ ಇರೋವು ಸೊರಗಿ ಸಣ್ಣ ಆಗಿರ್ತವೆ. ಮೂರ್ಛೆ ರೋಗದ ಇಲಿಗಳಲ್ಲಿ ಬದು ಅಳಿಸಿ ಹೋಗಿ ಒಂದರ ಕೊಂಬೆ ಇನ್ನೊಂದರ ಜಾಗಕ್ಕೆ ನುಗ್ಗಿರುತ್ತೆ.

ನಿಮ್ಮ ಕೊನೇ ಪ್ರಶ್ನೆಗೆ ನೇರ ಉತ್ತರ, ಸ್ಟ್ರೋಕ್ ಆದ ಜಾಗದ ಕಲೆ ಸಾಮಾನ್ಯವಾಗಿ ಹೋಗಲ್ಲ, ಫ್ಲೇರ್ ಅನ್ನೋ ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹಾಗೇ ಕಾಣ್ತಾ ಇರುತ್ತೆ. ಕೈಕಾಲಲ್ಲಿ ಆಗೋ ಸುಧಾರಣೆ ಉಳಿದಿರೋ ನರಗಳಿಂದ ಬರೋದು, ಫಿಸಿಯೋಥೆರಪಿ ನಿಲ್ಲಿಸಬೇಡಿ. ನ್ಯೂರಾಲಜಿಸ್ಟ್ ಹತ್ರ ಹೋಗುವಾಗ ಎರಡು ವರ್ಷದ ಹಿಂದಿನ ಫಿಲ್ಮ್ ತಗೊಂಡು ಹೋಗಿ, ಹಳೇದು ಹೊಸದು ಪಕ್ಕ ಪಕ್ಕ ಇಟ್ಟು ನೋಡಿದ್ರೆ ಕಲೆ ಅಷ್ಟೇ ಇದೆಯಾ ಅಂತ ಅವರಿಗೆ ಗೊತ್ತಾಗುತ್ತೆ.